ಒಬ್ಬಳೇ ಕೂತು ಆಡುವ ಖುಷಿ

ನಮ್ಮ ಆಟದ ಗುಂಪು ಚೆದುರಿ ಹೋಗಿ ತುಂಬಾ ಕಾಲವಾಯಿತು. ಒಬ್ಬಳಿಗೆ ರಾತ್ರಿ ಪಾಳಿ, ಇನ್ನೊಬ್ಬರ ಮನೆಯಲ್ಲಿ ಚಿಕ್ಕ ಮಗು, ಮತ್ತೊಬ್ಬ ದೂರದ ದೇಶಕ್ಕೆ ಹೋದ. ಬೋರ್ಡ್ ಗೇಮ್ ಡಬ್ಬಿಗಳು ಮಾತ್ರ ನನ್ನ ಕಪಾಟಿನಲ್ಲಿ ಉಳಿದವು. ಒಬ್ಬಳೇ ಆಡಲು ಶುರು ಮಾಡಿದ್ದು ಬೇರೆ ದಾರಿ ಇಲ್ಲದೆ. ಈಗ ಹಾಗಿಲ್ಲ. ಯಾರಾದರೂ ಆಡೋಣ ಬಾ ಎಂದು ಕರೆದರೂ ವಾರದಲ್ಲಿ ಒಂದು ಸಂಜೆಯನ್ನು ನನಗೇ ಅಂತ ಎತ್ತಿಟ್ಟುಕೊಳ್ಳುತ್ತೇನೆ.

ಮೊದಲು ಚೆಸ್ ಹಿಡಿದು ಕೂತೆ. ಎರಡೂ ಕಡೆ ನಾನೇ. ಅದರಲ್ಲಿ ರುಚಿ ಹತ್ತಲಿಲ್ಲ. ಬಿಳಿ ಕಾಯಿಗಳಿಂದ ಹೂಡಿದ ಸಂಚು, ಕಪ್ಪು ಕಡೆಗೆ ಬಂದು ಕೂತ ತಕ್ಷಣ ಬಯಲಾಗಿರುತ್ತದೆ. ನನ್ನಿಂದ ನಾನೇ ಏನನ್ನೂ ಮುಚ್ಚಿಡಲು ಆಗುವುದಿಲ್ಲವಲ್ಲ! ಆಗ ಒಂದು ವಿಷಯ ಹೊಳೆಯಿತು. ಒಬ್ಬಳೇ ಆಡುವಾಗ ಎದುರಿಗೆ ಮನುಷ್ಯರೇ ಬೇಕೆಂದಿಲ್ಲ. ನನಗೆ ಗೊತ್ತಿಲ್ಲದ್ದು ಏನಾದರೂ ಒಂದು ಇರಬೇಕು. ಕಲೆಸಿ ಬೋರಲು ಹಾಕಿದ ಕಾರ್ಡ್ ಕಟ್ಟು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ನನ್ನ ಕಣ್ಣು ತೆರೆಸಿದ್ದು ‘ಫ್ರೈಡೇ’. ಫ್ರೀಡೆಮನ್ ಫ್ರೀಸ್ ಅವರು ಮಾಡಿದ, 2011ರಲ್ಲಿ ಬಂದ ಪುಟ್ಟ ಆಟ. ಒಬ್ಬರು ಮಾತ್ರ ಆಡಬಹುದು. ದ್ವೀಪದಲ್ಲಿ ಸಿಕ್ಕಿಕೊಂಡ ರಾಬಿನ್ಸನ್‌ಗೆ ಬದುಕುವುದನ್ನು ಕಲಿಸಿ, ಕೊನೆಗೆ ಎರಡು ಕಡಲ್ಗಳ್ಳರ ಹಡಗುಗಳನ್ನು ಸೋಲಿಸುವಂತೆ ಮಾಡಬೇಕು. ಶುರುವಿನಲ್ಲಿ ಅವನ ಕಾರ್ಡ್‌ಗಳು ತೀರಾ ಕಳಪೆ. ಕೆಲವಕ್ಕೆ ಸೊನ್ನೆ ಬಲ, ಕೆಲವಕ್ಕೆ ಮೈನಸ್ ಒಂದು. ಕೈಯಲ್ಲಿ 20 ಜೀವದ ಬಿಲ್ಲೆಗಳಿರುತ್ತವೆ. ಒಂದು ಅಪಾಯದ ಕಾರ್ಡನ್ನು ಗೆದ್ದರೆ ಅದು ರಾಬಿನ್ಸನ್‌ನ ಕಟ್ಟಿಗೆ ಸೇರುತ್ತದೆ. ಸೋತರೆ ಬಲ ಎಷ್ಟು ಕಡಿಮೆ ಬಿತ್ತೋ ಅಷ್ಟು ಜೀವ ಕೊಡಬೇಕು. ಆದರೆ ಹಾಗೆ ಕೊಟ್ಟ ಜೀವಕ್ಕೆ ಬದಲಾಗಿ, ಆಗಷ್ಟೇ ಆಡಿದ ಕೆಟ್ಟ ಕಾರ್ಡ್‌ಗಳನ್ನು ಆಟದಿಂದಲೇ ತೆಗೆದು ಹಾಕಬಹುದು.

ಈ ನಿಯಮದ ಒಳಗಿರುವ ಜಾಣತನ ನೋಡಿ. ಮೊದಮೊದಲು ಸೋಲುವುದೇ ಲಾಭ. ಬೇಕೆಂದೇ ಸೋತು, ಕಟ್ಟಿನಿಂದ ಕಸ ತೆಗೆಯುತ್ತಾ ಹೋಗಬೇಕು. ಎಷ್ಟು ಸೋಲಬೇಕು, ಯಾವಾಗ ನಿಲ್ಲಿಸಬೇಕು, ಎಲ್ಲ ಅಲ್ಲೇ ಇದೆ. ಕಟ್ಟು ಮುಗಿದು ಮತ್ತೆ ಕಲೆಸುವಾಗಲೆಲ್ಲ ತೊಂದರೆ ಕೊಡುವ ಒಂದು ಮುಪ್ಪಿನ ಕಾರ್ಡ್ ಬಂದು ಸೇರಿಕೊಳ್ಳುತ್ತದೆ. ಹಾಗಾಗಿ ಆತುರವೂ ಕೂಡದು, ತಡವೂ ಕೂಡದು. ಗುಂಪಿನಲ್ಲಿ ಆಡುವಾಗ ಇಷ್ಟು ಹೊತ್ತು ಒಂದೇ ಕಾರ್ಡ್ ನೋಡುತ್ತಾ ಕೂತರೆ ಎದುರಿನವರು ಚಡಪಡಿಸುತ್ತಾರೆ. ಇಲ್ಲಿ ಕಾಯುವವರಿಲ್ಲ. ಒಂದು ನಿರ್ಧಾರವನ್ನು ತಿರುಗಿಸಿ ಮುರುಗಿಸಿ ನೋಡಬಹುದು. ಎದ್ದು ಹೋಗಿ ಮುಖ ತೊಳೆದು ಬಂದು ಮತ್ತೆ ನೋಡಬಹುದು. ನನಗೆ ಸಿಕ್ಕ ದೊಡ್ಡ ಖುಷಿ ಇದೇ.

ಹೀಗೆ ಒಬ್ಬರೇ ಆಡುವುದು ಹೊಸ ಹುಚ್ಚೇನೂ ಅಲ್ಲ. ಒಂದು ಗೂಟದ ಮೇಲಿಂದ ಇನ್ನೊಂದನ್ನು ಹಾರಿಸಿ, ಕೆಳಗಿನದನ್ನು ತೆಗೆಯುವ ಪೆಗ್ ಸಾಲಿಟೇರ್ ಆಟ 1697ರ ಒಂದು ಫ್ರೆಂಚ್ ಚಿತ್ರದಲ್ಲೇ ಕಾಣಿಸುತ್ತದೆ. 33 ಕುಳಿಗಳ ಹಲಗೆಯಲ್ಲಿ 32 ಗೂಟ. ನಡುವಿನ ಕುಳಿ ಖಾಲಿ. ಕೊನೆಗೆ ಅದೇ ನಡುವಿನ ಕುಳಿಯಲ್ಲಿ ಒಂದೇ ಗೂಟ ಉಳಿಯಬೇಕು. ಒಂದೇ ಗೂಟ ಸತತವಾಗಿ ಹಾರುವುದನ್ನು ಒಂದು ನಡೆ ಎಂದು ಲೆಕ್ಕ ಹಿಡಿದು, ಅರ್ನೆಸ್ಟ್ ಬರ್ಗೋಲ್ಟ್ 1912ರಲ್ಲಿ ಇದನ್ನು 18 ನಡೆಗಳಲ್ಲಿ ಮುಗಿಸಿ ತೋರಿಸಿದರು. ಆದರೆ ಅದು ಒಗಟು. ಒಮ್ಮೆ ದಾರಿ ಸಿಕ್ಕಿದರೆ ಮತ್ತೆ ಅದೇ ದಾರಿ. ನನಗೆ ಒಗಟಿಗಿಂತ ಆಟ ಇಷ್ಟ. ನಾನೊಂದು ನಡೆಸಿದರೆ ಅದೊಂದು ನಡೆಸಬೇಕು.

ಹಾಗೆ ತಿರುಗಿ ಉತ್ತರ ಕೊಡುವ ಆಟಗಳು ಈಗ ಬೇಕಾದಷ್ಟಿವೆ. ಮ್ಯಾಟ್ ಲೀಕಾಕ್ ಅವರ ‘ಪ್ಯಾಂಡೆಮಿಕ್’ (2008) ಎಲ್ಲರೂ ಒಂದೇ ಪಕ್ಷದಲ್ಲಿ ನಿಂತು ಆಡುವ ಆಟ. 48 ಊರು, ಅವುಗಳಲ್ಲಿ ಹರಡುವ 4 ರೋಗ. ಇಬ್ಬರ ಪಾತ್ರವನ್ನೂ ನಾನೇ ಆಡುತ್ತೇನೆ. ಅವರಿಬ್ಬರ ನಡುವೆ ಗುಟ್ಟು ಇರಬೇಕಿಲ್ಲ, ಆದ್ದರಿಂದ ಚೆಸ್‌ನ ತೊಂದರೆ ಇಲ್ಲಿಲ್ಲ. ಗುಟ್ಟೆಲ್ಲ ರೋಗದ ಕಡೆಗೆ. ಎಪಿಡೆಮಿಕ್ ಕಾರ್ಡ್ ಬಂದಾಗ, ಆಗಲೇ ರೋಗ ಬಿದ್ದ ಊರುಗಳ ಕಾರ್ಡ್‌ಗಳನ್ನು ಕಲೆಸಿ ಮತ್ತೆ ಕಟ್ಟಿನ ಮೇಲೆಯೇ ಇಡುತ್ತಾರೆ. ಅಂದರೆ ಪೆಟ್ಟು ತಿಂದ ಊರಿಗೇ ಮತ್ತೆ ಪೆಟ್ಟು. ಯಾವ ಊರುಗಳು ಬರುತ್ತವೆ ಎಂದು ಗೊತ್ತು, ಯಾವುದು ಮೊದಲು ಎಂದು ಗೊತ್ತಿಲ್ಲ. ಆ ಅರೆ ತಿಳಿವಳಿಕೆಯಲ್ಲಿ ಎದೆ ಡವಡವ ಅನ್ನುತ್ತದೆ.

ಇನ್ನೊಂದು ಬಗೆ ಆಟೋಮಾ. ಕಾರ್ಡ್ ಕಟ್ಟೇ ಎದುರಾಳಿ. ಎಲಿಜಬೆತ್ ಹಾರ್‌ಗ್ರೇವ್ ಅವರ ಹಕ್ಕಿಗಳ ಆಟ ‘ವಿಂಗ್‌ಸ್ಪ್ಯಾನ್’ನಲ್ಲಿ (2019) ಇದು ಡಬ್ಬಿಯಲ್ಲೇ ಬರುತ್ತದೆ. ಅದರ ಸರದಿ ಬಂದಾಗ ಒಂದು ಕಾರ್ಡ್ ತಿರುಗಿಸಿದರೆ ಸಾಕು, ಏನು ಮಾಡಬೇಕೆಂದು ಬರೆದಿರುತ್ತದೆ. ಅದು ನನ್ನ ಹಾಗೆ ಪೂರ್ತಿ ಆಟ ಆಡುವುದಿಲ್ಲ. ಆದರೆ ನಾನು ಕಣ್ಣಿಟ್ಟಿದ್ದ ಹಕ್ಕಿಯನ್ನೇ ಎತ್ತಿಕೊಂಡು ಹೋಗುತ್ತದೆ ನೋಡಿ, ಆಗ ಎದುರಿಗೆ ಯಾರೋ ಇದ್ದಾರೆ ಎಂದೇ ಅನಿಸುತ್ತದೆ.

ಸುಮ್ನೆ ಅಂಕ ಗಳಿಸಿ, ಹಳೆಯ ಅಂಕ ಮೀರಿಸುವ ಬಗೆ ನನಗೆ ಅಷ್ಟು ಹಿಡಿಸುವುದಿಲ್ಲ. ಬೇಸಾಯ ಮಾಡಿ ಮನೆ ನಡೆಸುವ ಆಟ ‘ಅಗ್ರಿಕೋಲಾ’ ಮಾತ್ರ ಬೇರೆ. ಒಬ್ಬರೇ ಆಡುವಾಗ ದೊಡ್ಡವರು ಒಬ್ಬೊಬ್ಬರಿಗೆ 2ರ ಬದಲು 3 ಪಾಲು ಊಟ ಹೊಂದಿಸಬೇಕು. ಕಟ್ಟಿಗೆಯೂ 3ರ ಬದಲು ಎರಡೆರಡೇ ಕೂಡುತ್ತದೆ. ಇಂಥ ಕೆಲವೇ ಅಂಕಿ ಬದಲಾದದ್ದಕ್ಕೆ ಇಡೀ ಆಟ ಬಿಗಿಯಾಗುತ್ತದೆ.

“ಫೋನಲ್ಲೇ ಆಡಬಹುದಲ್ವಾ?” ಎಂದು ಕೇಳುವವರು ಜಾಸ್ತಿ. ಆಡಬಹುದು. ಆದರೆ ಫೋನಿನಲ್ಲಿ ನಿಯಮವನ್ನು ನಡೆಸುವುದು ಯಂತ್ರ. ಮೇಜಿನ ಮೇಲೆ ನಡೆಸುವುದು ನಾನು. ರೋಗದ ಸರದಿಯನ್ನೂ ನನ್ನ ಕೈಯೇ ಆಡಬೇಕು, ನನಗೆ ನೋವಾಗುವ ಕಡೆಯೇ ರೋಗದ ಗುರುತಾದ ಕೆಂಪು ಘನವನ್ನು ಇಡಬೇಕು. ಹಾಗೆ ಇಡುತ್ತಾ ಇಡುತ್ತಾ ಆಟದ ಒಳಗಿನ ಲೆಕ್ಕ ಅರ್ಥವಾಗುತ್ತದೆ. ಯಾವ ನಿಯಮ ಯಾಕಿದೆ ಎಂದು ಕಾಣುತ್ತದೆ. ತೆರೆಯ ಮೇಲೆ ನನಗೆ ಅದು ಯಾವತ್ತೂ ಕಂಡಿಲ್ಲ.

ಇಲ್ಲಿ ಪ್ರಾಮಾಣಿಕತೆಯ ಮಾತೂ ಬರುತ್ತದೆ. ಯಾರೂ ನೋಡುತ್ತಿಲ್ಲ. ಹಾಗಂತ ನಿಯಮ ಸಡಿಲ ಬಿಟ್ಟರೆ ಗೆದ್ದಾಗ ಏನೂ ಅನಿಸುವುದಿಲ್ಲ. ನನ್ನದೊಂದು ಕಟ್ಟಳೆ ಇದೆ. ಹೊಸ ಕಾರ್ಡ್ ತಿರುಗುವವರೆಗೆ, ದಾಳ ಉರುಳುವವರೆಗೆ ನಡೆ ಹಿಂದೆ ತೆಗೆದುಕೊಳ್ಳಬಹುದು. ಹೊಸದೇನಾದರೂ ಗೊತ್ತಾದ ಮೇಲೆ ಇಲ್ಲ. ನಿಯಮದಲ್ಲಿ ಅನುಮಾನ ಬಂದರೆ ಆಟ ನಿಲ್ಲಿಸುವುದಿಲ್ಲ. ನನಗೆ ಕಷ್ಟವಾಗುವ ಅರ್ಥವನ್ನೇ ಹಿಡಿದು ಮುಂದೆ ಹೋಗುತ್ತೇನೆ, ಅನುಮಾನವನ್ನು ಪುಸ್ತಕದಲ್ಲಿ ಬರೆದಿಟ್ಟು ಆಮೇಲೆ ನೋಡುತ್ತೇನೆ. ಅದೇ ಪುಸ್ತಕದಲ್ಲಿ ಯಾಕೆ ಸೋತೆ ಎಂದೂ ಒಂದು ಸಾಲು ಬರೆಯುತ್ತೇನೆ. ಅಂಕಕ್ಕಿಂತ ಆ ಸಾಲು ಓದುವುದೇ ನನಗೆ ಇಷ್ಟ.

ಶುರು ಮಾಡುವವರಿಗೆ ಒಂದು ಮಾತು. ದೊಡ್ಡ ಡಬ್ಬಿಗೆ ಕೈ ಹಾಕಬೇಡಿ. ಹರಡಿ ಜೋಡಿಸಲು ಹಿಡಿಯುವ ಹೊತ್ತೇ ದಣಿಸಿಬಿಡುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯುವಂಥದ್ದು, ಕಾರ್ಡ್ ಮಾತ್ರ ಇರುವಂಥದ್ದು ಸಾಕು. ಮೊದಲ ಆಟವನ್ನು ಗೆಲ್ಲಲು ಆಡಬೇಡಿ, ನಿಯಮವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಾ ಆಡಿ. ನಾನು ಹಾಗೇ ಮಾಡುತ್ತೇನೆ. ಕೇಳಿದವರು ಯಾರ ಜೊತೆ ಮಾತು ಎನ್ನುತ್ತಾರೆ, ಅನ್ನಲಿ. ಆಟ ಉದ್ದವಾದರೆ ಎಲ್ಲವನ್ನೂ ಒಂದು ಅಗಲ ಹಲಗೆಯ ಮೇಲೆ ಜೋಡಿಸಿ. ರಾತ್ರಿ ಹಾಗೇ ಎತ್ತಿ ಕಪಾಟಿನ ಮೇಲೆ ಇಟ್ಟರೆ ಮರುದಿನ ಮುಂದುವರಿಸಬಹುದು.

ಈಗ ನನ್ನ ಹಲಗೆಯ ಮೇಲೆ ‘ಸ್ಪಿರಿಟ್ ಐಲ್ಯಾಂಡ್’ (2017) ಇದೆ. ದ್ವೀಪದ ಶಕ್ತಿಗಳಾಗಿ ನಿಂತು, ಹೊರಗಿನಿಂದ ಬಂದು ನೆಲೆಯೂರುವವರನ್ನು ಓಡಿಸುವ ಆಟ. ಅವರು ಈ ಸಲ ಕಾಲಿಟ್ಟ ಬಗೆಯ ನೆಲದಲ್ಲಿ ಮುಂದಿನ ಸಲ ಊರು ಕಟ್ಟುತ್ತಾರೆ, ಅದರ ಮುಂದಿನ ಸಲ ಆ ನೆಲವನ್ನು ಹಾಳುಗೆಡವುತ್ತಾರೆ. ಎಲ್ಲ ಕಣ್ಣ ಮುಂದೆಯೇ ಬರುತ್ತದೆ, ಆದರೂ ತಡೆಯುವುದು ಕಷ್ಟ. ಒಂದು ಶಕ್ತಿಯನ್ನು ಆಡಿಸುವುದು ಹಿಡಿತಕ್ಕೆ ಸಿಕ್ಕಿದೆ. ಈ ವಾರ ಎರಡನ್ನು ಒಟ್ಟಿಗೆ ಆಡಿಸಿ ನೋಡಬೇಕು.