ಎರಡು ಲೀಟರಿನ ಲೆಕ್ಕ

ಮೊನ್ನೆ ರಾತ್ರಿ ಐರ್ಲೆಂಡಿನ ಕಾರ್ಕ್‌ನಿಂದ ತಂಗಿಯ ಫೋನು. ಡಿಸೆಂಬರಿನಲ್ಲಿ ಊರಿಗೆ ಬರುತ್ತಾಳಂತೆ. "ಅಣ್ಣ, ನಿಂಗೆ ಎಂತ ತರ್ಬೇಕು?" ಅಂದಳು. ಚಾಕಲೇಟು ಬೇಡ, ಶರ್ಟು ಬೇಡ ಅಂದೆ. ಅವಳಿಗೆ ಅರ್ಥವಾಯಿತು, ನಕ್ಕಳು. "ಸರಿ, ನನ್ನ ಲೆಕ್ಕದ ಎರಡು ಲೀಟರು ನಿಂಗೆ. ಇವರ ಎರಡು ಲೀಟರು ಮಾವನ ವಿಸ್ಕಿಗೆ ಈಗ್ಲೇ ಬುಕ್ಕಾಗಿದೆ, ಅದನ್ನು ಕೇಳ್ಬೇಡ."

ಹೊರದೇಶದಿಂದ ಬರುವವರು ತಲಾ ಎರಡು ಲೀಟರು ಸುಂಕವಿಲ್ಲದೆ ತರಬಹುದು. ಐರ್ಲೆಂಡಿನ ಬಿಯರ್ ಬಾಟಲಿ ಸಾಮಾನ್ಯವಾಗಿ ಅರ್ಧ ಲೀಟರಿನದು. ಅಂದರೆ ನಾಲ್ಕೇ ನಾಲ್ಕು. ವಿಸ್ಕಿಯಾದರೆ ಎರಡು ಲೀಟರು ಮಳೆಗಾಲ ಪೂರ್ತಿ ಬರುತ್ತದೆ, ಬಿಯರಾದರೆ ಒಂದು ಸಂಜೆ. ಅಷ್ಟು ದೂರದಿಂದ ಯಾರಾದರೂ ಬಿಯರ್ ತರಿಸುತ್ತಾರಾ ಅಂತ ನನ್ನ ಬಾವನ, ಅಂದರೆ ಹೆಂಡತಿಯ ಅಣ್ಣನ, ಪ್ರಶ್ನೆ. ನಾನು ತರಿಸುತ್ತೇನೆ. ಒಮ್ಮೆ ನಾನೇ ಹೊತ್ತು ತಂದಿದ್ದೆ ಕೂಡ.

ಅದು 2019ರ ಸೆಪ್ಟೆಂಬರ್. ತಂಗಿ ಅಲ್ಲಿ ನರ್ಸು. ನಾನು ಇಪ್ಪತ್ತನಾಲ್ಕು ದಿನಕ್ಕೆಂದು ಹೋದವ. ಹೋಗುವಾಗ ನನಗೆ ಬಿಯರ್ ಅಂದರೆ ಇಲ್ಲಿಯ ಸ್ಟ್ರಾಂಗು: ಬಾಟಲಿ ಹೊರಗೆ ನೀರು ಬೆವರುವಷ್ಟು ತಣ್ಣಗಿರಬೇಕು, ಎರಡನೆಯದರಲ್ಲಿ ತಲೆ ಸ್ವಲ್ಪ ತಿರುಗಬೇಕು. ರುಚಿಯ ಮಾತೇ ಇಲ್ಲ. ಅಷ್ಟು ತಣ್ಣಗಿದ್ದರೆ ರುಚಿ ಗೊತ್ತಾಗುವುದೂ ಇಲ್ಲ.

ಹಾಗೆ ನೋಡಿದರೆ ನನಗೆ ಗೊತ್ತಿರಬೇಕಿತ್ತು. ನನ್ನ ಅಜ್ಜ ಮೂಲ್ಕಿ ಕಡೆ ಮೂರ್ತೆ, ಅಂದರೆ ಕಳ್ಳು ಇಳಿಸುವ ಕೆಲಸ, ಮಾಡುತ್ತಿದ್ದವರು. ಬೆಳಿಗ್ಗೆ ಇಳಿಸಿದ ಕಳ್ಳಿಗೂ ಸಂಜೆಯದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ಅವರು ಮೂಗಿನಲ್ಲೇ ಹೇಳುತ್ತಿದ್ದರು. ಬೆಲ್ಲಕ್ಕೆ ಬೇಕಾದರೆ ಮಡಕೆಯ ಒಳಗೆ ಸುಣ್ಣ ಸವರಿ ಕಟ್ಟುವುದು, ಆಗ ಹುಳಿಯುವುದಿಲ್ಲ. ಕುಡಿಯಲಿಕ್ಕಾದರೆ ಸುಣ್ಣ ಇಲ್ಲ. ನಿನ್ನೆಯ ಕಳ್ಳು ಕೇಳಿಕೊಂಡು ಬರುವವರೂ ಇದ್ದರು, ಅಮಲು ಜಾಸ್ತಿ ಅಂತ. ಅವರಿಗೆ ಅಜ್ಜ ಕೊಡುತ್ತಿದ್ದರು, ಆದರೆ ಮರ್ಯಾದೆ ಕೊಡುತ್ತಿರಲಿಲ್ಲ.

ಕಾರ್ಕ್‌ನಲ್ಲಿ ಮೊದಲ ಶುಕ್ರವಾರ ತಂಗಿಯ ಗಂಡ ಫ್ರಾನ್ಸಿಸ್ಕನ್ ವೆಲ್‌ಗೆ ಕರೆದುಕೊಂಡು ಹೋದ. ಹಳೆಯ ಕ್ರೈಸ್ತ ಮಠ ಇದ್ದ ಜಾಗದಲ್ಲಿ 1998ರಲ್ಲಿ ಶುರುವಾದ ಪಬ್ಬು, ಬಿಯರನ್ನೂ ತಾವೇ ಮಾಡಲು ಹೊರಟವರು. ರೆಬೆಲ್ ರೆಡ್ ಅಂತ ಒಂದು ಕೊಡಿಸಿದ. ಕಾರ್ಕ್‌ಗೆ ಬಂಡುಕೋರರ ಸೀಮೆ ಅಂತ ಅಡ್ಡಹೆಸರು, ಅದರಿಂದ ಆ ಹೆಸರು. ಚಹಾದ ಡಿಕಾಕ್ಷನ್ನಿನ ಕೆಂಪು. ಗ್ಲಾಸು ಮುಟ್ಟಿದರೆ ಅಂಥ ತಣ್ಣಗೇನೂ ಇಲ್ಲ. ಇವರ ಫ್ರಿಜ್ ಕೆಟ್ಟಿದೆಯಾ ಅಂತ ಕೇಳಿದೆ. "ಕುಡೀರಿ ಮಾರಾಯ್ರೆ, ಅದು ಹಾಗೆಯೇ" ಅಂದ. ಮೊದಲ ಗುಟುಕಿನಲ್ಲಿ ಎಂತದೂ ಇಲ್ಲ. ಅರ್ಧ ಗ್ಲಾಸು ಆಗುವಾಗ ಬೆಲ್ಲದ ಪಾಕ ಸ್ವಲ್ಪ ಹತ್ತಿದರೆ ಒಂದು ಪರಿಮಳ ಬರುತ್ತದಲ್ಲ, ಅದು ಮೂಗಿಗೆ ಬಂತು. ಅಮಲು ಬರೇ 4.3 ಶೇಕಡಾ. ನಮ್ಮ ಸ್ಟ್ರಾಂಗಿನ ಅರ್ಧ ಅಂತಿಟ್ಟುಕೊಳ್ಳಿ.

ಅದೇ ಸಂಜೆ ಮಾನ ಕಳೆದುಕೊಂಡದ್ದೂ ಆಯಿತು. ತಂಗಿಯ ಗಂಡನ ಸಹೋದ್ಯೋಗಿಗಳು ಮೂವರಿದ್ದರು. ಒಬ್ಬ ಎದ್ದು ಐದು ಗ್ಲಾಸು ತಂದ, ಅದು ಮುಗಿಯುವಾಗ ಇನ್ನೊಬ್ಬ ಐದು ತಂದ. ಪೈಂಟು ಅಂದರೆ 568 ಮಿಲಿ, ಸಣ್ಣದಲ್ಲ. ಎಷ್ಟು ಒಳ್ಳೆಯ ಜನ ಅಂತ ನಾನು ಕುಡಿಯುತ್ತಾ ಕೂತೆ. ನಾಲ್ಕು ಸುತ್ತು ಆದ ಮೇಲೆ "ನನಗೆ ಸಾಕು, ಥ್ಯಾಂಕ್ಸ್" ಅಂತ ಕೋಟು ಹಾಕಿಕೊಂಡೆ. ಯಾರೂ ಏನೂ ಅನ್ನಲಿಲ್ಲ. ಬಸ್ಸಿನಲ್ಲಿ ತಂಗಿಯ ಗಂಡ ಮೆಲ್ಲ ಹೇಳಿದ: ಐದನೆಯ ಸುತ್ತು ನಿಮ್ಮದಿತ್ತು. ಆ ಚಳಿಯಲ್ಲೂ ಕಿವಿ ಬಿಸಿಯಾಯಿತು. ಮುಂದಿನ ಶುಕ್ರವಾರ ಎಲ್ಲರಿಗಿಂತ ಮೊದಲು ಹೋಗಿ, ಬಾಗಿಲ ಬಳಿಯೇ ಕಾದು ನಿಂತು, ಎರಡು ಸುತ್ತು ನಾನೇ ಕೊಡಿಸಿದೆ. ರೂಪಾಯಿಗೆ ಪರಿವರ್ತಿಸಿ ನೋಡಲಿಲ್ಲ. ನೋಡಿದ್ದರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕಪ್ಪು ಬಿಯರಿನ ಸಂಗತಿ ಬೇರೆಯೇ. ಐರ್ಲೆಂಡ್ ಅಂದರೆ ಗಿನ್ನೆಸ್ ಅಂತ ಇಲ್ಲಿಯವರಿಗೂ ಗೊತ್ತು. ಆರ್ಥರ್ ಗಿನ್ನೆಸ್ 1759ರಲ್ಲಿ ಡಬ್ಲಿನ್ನಿನ ಆ ಜಾಗವನ್ನು ವರ್ಷಕ್ಕೆ 45 ಪೌಂಡಿಗೆ 9000 ವರ್ಷದ ಗೇಣಿಗೆ ಬರೆಸಿಕೊಂಡನಂತೆ. ನಮ್ಮ ಜಿಲ್ಲೆಯ ಮೂಲಗೇಣಿಯವರೂ ಇಷ್ಟು ಧೈರ್ಯ ಮಾಡಿರಲಿಕ್ಕಿಲ್ಲ. ಆದರೆ ಕಾರ್ಕ್‌ನವರ ಎದುರು ಗಿನ್ನೆಸ್ ಹೊಗಳಬೇಡಿ. ಅವರದ್ದು ಬೀಮಿಶ್, 1792ರದ್ದು, ಮತ್ತು ಮರ್ಫೀಸ್, 1856ರದ್ದು. ಎರಡೂ ಈಗ ಹೈನೆಕೆನ್ ಕಂಪೆನಿಯ ಕೈಯಲ್ಲಿ ಉಂಟು, ಆದರೂ ಅಭಿಮಾನ ಊರಿನದ್ದೇ. ಮರ್ಫೀಸ್ ಸ್ವಲ್ಪ ಸಿಹಿ ಕಡೆಗೆ, ಬೀಮಿಶ್ ಹೆಚ್ಚು ಸುಟ್ಟ ಕಹಿ. ನನಗೆ ಬೀಮಿಶ್ ಹಿಡಿಸಿತು. ಉಡುಪಿಯವರು ಮಂಗಳೂರಿನವರು ನೀರುದೋಸೆಗೆ ಜಗಳ ಮಾಡಿದ ಹಾಗೆ ಇವರು ಸ್ಟೌಟಿಗೆ, ಅಂದರೆ ಈ ಕಪ್ಪು ಬಿಯರಿಗೆ, ಮಾಡುತ್ತಾರೆ.

ಆ ಕಹಿ ಬರುವುದು ಮೊಳಕೆ ಬರಿಸದ ಬಾರ್ಲಿಯನ್ನು ಕಪ್ಪಾಗುವಷ್ಟು ಹುರಿದು ಹಾಕುವುದರಿಂದ. ಹಾಲು ಸಕ್ಕರೆ ಇಲ್ಲದ ಕಾಫಿಯ ಹಾಗೆ. ಇನ್ನು ಗಿನ್ನೆಸಿನ ಕೆನೆ ಇದೆಯಲ್ಲ, ಅದು ನೈಟ್ರೋಜನ್ ಕೈಚಳಕ. 1959ರಲ್ಲಿ ಬಂದದ್ದು. ನೈಟ್ರೋಜನ್ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಅದಕ್ಕೇ ಗುಳ್ಳೆ ಸಣ್ಣ ಸಣ್ಣ, ನೊರೆ ಮಜ್ಜಿಗೆ ಕಡೆದಾಗ ಬರುವ ಬೆಣ್ಣೆಯ ಹಾಗೆ ನಿಲ್ಲುತ್ತದೆ. ಗ್ಲಾಸಿನ ಬದಿಯಲ್ಲಿ ಗುಳ್ಳೆಗಳು ಮೇಲೆ ಹೋಗುವ ಬದಲು ಕೆಳಗೆ ಇಳಿಯುವುದು ಕಾಣುತ್ತದೆ. ನಾನು ಮೊದಲ ಸಲ ಐದು ನಿಮಿಷ ಅದನ್ನೇ ನೋಡುತ್ತಾ ಕೂತಿದ್ದೆ. ಚಂದ ಹೌದು. ಆದರೆ ಕೆನೆಯ ನುಣುಪು ಕಹಿಯನ್ನು ಮುಚ್ಚಿಬಿಡುತ್ತದೆ ಅಂತ ನನ್ನ ತಕರಾರು.

ಅದು ಗೊತ್ತಾದದ್ದು ಒಹಾರಾಸ್ ಕುಡಿದ ಮೇಲೆ. ಕಾರ್ಲೋ ಎಂಬ ಊರಿನಲ್ಲಿ 1996ರಲ್ಲಿ ಶುರು ಮಾಡಿದ ಸಣ್ಣ ಕಂಪೆನಿ. ಅವರ ಬಾಟಲಿಯ ಸ್ಟೌಟಿನಲ್ಲಿ ಆ ಕೆನೆ ಇಲ್ಲ. ಕಂದು ನೊರೆ ಬೇಗ ಕೂರುತ್ತದೆ, ನಾಲಿಗೆಗೆ ಚುರುಕ್ ಅನ್ನುತ್ತದೆ, ಹುರಿದದ್ದರ ರುಚಿ ಎದುರಿಗೇ ನಿಲ್ಲುತ್ತದೆ. ಇದೂ 4.3. ಅವರದ್ದೇ ಇನ್ನೊಂದು ಲ್ಯಾನ್ ಫುಲ್ಲಾನ್, 6 ಶೇಕಡಾ. ಐರಿಷ್ ಭಾಷೆಯಲ್ಲಿ ಆರೋಗ್ಯದ ಬಿಯರ್ ಅಂತ ಅರ್ಥವಂತೆ. ನಮ್ಮ ಓಲೆಬೆಲ್ಲ ಕಚ್ಚಿದಾಗ ಸಿಹಿಯ ಹಿಂದೆ ಒಂದು ಹೊಗೆ ರುಚಿ ಉಂಟಲ್ಲ, ಅದನ್ನು ಕಪ್ಪು ಕಾಫಿಯಲ್ಲಿ ಕದಡಿದರೆ ಇದರ ಹತ್ತಿರ ಬರಬಹುದು. ಇಪ್ಪತ್ತನಾಲ್ಕು ದಿನದಲ್ಲಿ ಕುಡಿದದ್ದರಲ್ಲಿ ಇದಕ್ಕೆ ಮೊದಲ ಸ್ಥಾನ.

ಡಬ್ಲಿನ್ನಿಗೆ ಎರಡು ದಿನ ಹೋಗಿದ್ದೆವು. ಅಲ್ಲಿ ಟೆಂಪಲ್ ಬಾರ್ ಎಂಬ ಪೇಟೆಯ ಪೋರ್ಟರ್‌ಹೌಸ್ ಪಬ್ಬಿನಲ್ಲಿ ಆಯ್ಸ್ಟರ್ ಸ್ಟೌಟ್. ಹೆಸರಿಗೆ ಮಾತ್ರ ಅಲ್ಲ, ಬೇಯಿಸುವಾಗ ನಿಜವಾಗಿ ಸಿಂಪಿ ಹಾಕುತ್ತಾರೆ. ಮರುವಾಯಿ, ಅಂದರೆ ನಮ್ಮ ಚಿಪ್ಪುಮೀನಿನ, ಸುಕ್ಕ ತಿಂದು ಬೆಳೆದ ನನಗೆ ಭಾರೀ ನಿರೀಕ್ಷೆ. ಮೀನಿನ ವಾಸನೆ ಎಳ್ಳಷ್ಟೂ ಇಲ್ಲ. ಕೊನೆಗೆ ತುಟಿಯಲ್ಲಿ ಒಂದು ಉಪ್ಪು ಉಳಿಯುತ್ತದೆ, ಅಷ್ಟೇ. ಅದೂ ಹೆಸರು ಓದಿದ ಮೇಲೆ ನನಗೆ ಅನಿಸಿದ್ದೋ ಏನೋ.

ಗಾಲ್ವೇ ಊರಿಗೆ ಹೋದಾಗ ಸಿಂಪಿಯನ್ನೇ ಹಸಿಯಾಗಿ, ಲಿಂಬೆ ಹಿಂಡಿ, ಸ್ಟೌಟಿನ ಜೊತೆ ನುಂಗುವುದು ಕಂಡೆ. 1954ರಿಂದ ಅಲ್ಲಿ ಸೆಪ್ಟೆಂಬರಿನಲ್ಲಿ ಸಿಂಪಿ ಹಬ್ಬವೇ ನಡೆಯುತ್ತದೆ. ನಾನೂ ಒಂದು ನುಂಗಿದೆ. ಮಸಾಲೆ ಇಲ್ಲದೆ ಪಾಪ ಅನಿಸಿತು. ಅಲ್ಲಿಯ ಬಿಯರ್ ಗಾಲ್ವೇ ಹೂಕರ್. ಇಂಗ್ಲಿಷಿನಲ್ಲಿ ಆ ಪದಕ್ಕೆ ವೇಶ್ಯೆ ಅಂತಲೂ ಅರ್ಥ, ಹೆಸರು ಕೇಳಿ ಬಾವ ಕಣ್ಣು ಹೊಡೆದಿದ್ದ. ಅದು ದೋಣಿ ಮಾರಾಯ್ರೆ, ಅಲ್ಲಿಯ ಹಳೆಯ ಮೀನುಗಾರಿಕೆ ದೋಣಿ. ಕಗ್ಗೆಂಪು ಹಾಯಿ. ನಮ್ಮ ಧಕ್ಕೆಯ ಹಿರಿಯರು ಹಿಂದೆ ಬಲೆಗೆ ತೊಗಟೆಯ ಚೊಗರು ಹಾಕುತ್ತಿದ್ದರಲ್ಲ, ಸುಮಾರು ಅದೇ ಬಣ್ಣ. ಬಿಯರು ಮಾತ್ರ ಹೊಂಬಣ್ಣದ್ದು, ಪೇಲ್ ಏಲ್ ಅನ್ನುವ ಜಾತಿಯದು. ಚಕ್ಕೋತದ ಸಿಪ್ಪೆ ಚಿವುಟಿದ ಪರಿಮಳ.

ಬರುವಾಗ ನಾಲ್ಕು ಬಾಟಲಿ ಆರಿಸಿದೆ: ಒಹಾರಾಸ್ ಸ್ಟೌಟ್, ಲ್ಯಾನ್ ಫುಲ್ಲಾನ್, ಹೂಕರ್, ಮತ್ತೆ ಡಂಗಾರ್ವನ್ ಎಂಬ ಕರಾವಳಿ ಊರಿನ ಕಾಪರ್ ಕೋಸ್ಟ್ ಎಂಬ ಕೆಂಪು ಏಲ್. ಒಂದೊಂದಕ್ಕೂ ಎರಡೆರಡು ಉಣ್ಣೆ ಕಾಲುಚೀಲ ತೊಡಿಸಿ ಸೂಟ್‌ಕೇಸಿನ ನಡುವೆ ಮಲಗಿಸಿದೆ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಬೆಲ್ಟಿನ ಮೇಲೆ ಪೆಟ್ಟಿಗೆ ಬರುವವರೆಗೆ ಜೀವದಲ್ಲಿ ಜೀವ ಇರಲಿಲ್ಲ. ಒಂದೂ ಒಡೆದಿರಲಿಲ್ಲ.

ಹಾಳಾದದ್ದು ಮನೆಯಲ್ಲಿ. ಆದಿತ್ಯವಾರ ಉರ್ವದ ನಮ್ಮ ಮನೆಗೆ ಬಾವನನ್ನು ಕರೆದಿದ್ದೆ. ಹೆಂಡತಿ ಕಾಣೆ ಮೀನಿನ ರವಾ ಫ್ರೈ, ಕೋರಿ ಸುಕ್ಕ, ಬಂಗುಡೆ ಪುಳಿಮುಂಚಿ ಮಾಡಿದ್ದಳು. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಬಾವ ಉಪಕಾರ ಮಾಡಿದ್ದ: ಹೂಕರನ್ನು ಫ್ರೀಜರಿಗೆ ಹಾಕಿದ್ದ. ಮಾತಿನಲ್ಲಿ ಇಬ್ಬರಿಗೂ ಮರೆತೇ ಹೋಯಿತು. ಎರಡು ಗಂಟೆಯ ಮೇಲೆ ತೆಗೆದು ಮುಚ್ಚಳ ಎಬ್ಬಿಸಿದ್ದೇ ತಡ, ಬಿಳಿ ಹಿಮ ಬುಸ್ಸೆಂದು ಉಕ್ಕಿ ಮೇಜಿನಿಂದ ನೆಲಕ್ಕೆ, ನೆಲದಿಂದ ಬಾವನ ಪಂಚೆಗೆ. ಉಳಿದದ್ದು ಐಸ್‌ಕ್ಯಾಂಡಿ ಕರಗಿದ ನೀರು. ಕಾಣೆ ಫ್ರೈಗೆ ಸರಿಯಾಗಿ ಹೊಂದುತ್ತಿದ್ದದ್ದು ಅದೊಂದೇ.

ಕಾಪರ್ ಕೋಸ್ಟನ್ನು ಬಾವನೇ ಬಗ್ಗಿಸಿದ. ಅದು ಬಾಟಲಿಯೊಳಗೇ ಹುದುಗು ಉಳಿಸಿಕೊಂಡು ಬರುವ ಬಿಯರು, ತಳದಲ್ಲಿ ಗಸಿ ಇರುತ್ತದೆ, ಕೊನೆಯ ಒಂದಿಂಚು ಬಿಡಬೇಕು. ಅವನು ಪೂರ್ತಿ ಬಗ್ಗಿಸಿ, ಬೆಳಕಿಗೆ ಹಿಡಿದು, "ಹಾಳಾಗಿದೆ ಮಾರಾಯ, ಕದಡಿದೆ" ಅಂದ. ಅಜ್ಜನ ಕಳ್ಳಿನ ತಳದಲ್ಲೂ ಹೀಗೇ ಇರುತ್ತಿತ್ತು ಅಂದೆ. ಆ ಗ್ಲಾಸು ನಾನು ತೆಗೆದುಕೊಂಡೆ. ಕೋರಿ ಸುಕ್ಕದ ಹುರಿದ ತೆಂಗಿನಕಾಯಿಗೂ ಅದರ ಪಾಕದ ಸಿಹಿಗೂ ಎಂಥ ಜೋಡಿ! ಸ್ಟೌಟಿನ ಜೊತೆ ಪುಳಿಮುಂಚಿ ಮಾತ್ರ ತಿನ್ನಬೇಡಿ. ಹುಳಿ, ಖಾರ, ಸುಟ್ಟ ಕಹಿ ಮೂರೂ ಬಾಯಿಯಲ್ಲಿ ಕೋಳಿ ಅಂಕ ಮಾಡುತ್ತವೆ.

ಲ್ಯಾನ್ ಫುಲ್ಲಾನ್ ಕೊನೆಗೆ, ಊಟ ಆದ ಮೇಲೆ ತೆಗೆದೆ. ಫ್ರಿಜ್ಜಿನಿಂದ ಹೊರಗಿಟ್ಟು ಹತ್ತು ನಿಮಿಷ. ಅವರ ಊರಿನಲ್ಲಿ ಅರ್ಧ ಗಂಟೆ ಬೇಕಾದೀತು, ನಮ್ಮ ಸೆಕೆಗೆ ಹತ್ತು ಧಾರಾಳ. ಬಾವ ಒಂದು ಗುಟುಕು ಕುಡಿದು ಮುಖ ಹಿಂಡಿದ. "ಇದೆಂತ, ಬಾಣಂತಿ ಕಷಾಯವಾ?" ಅಂದ. ಆದರೆ ಗ್ಲಾಸು ಕೆಳಗಿಡಲಿಲ್ಲ. ಮುಕ್ಕಾಲು ಗಂಟೆ ಅದನ್ನೇ ಹಿಡಿದುಕೊಂಡು ಅವನ ಅಪ್ಪನ ಗದ್ದೆಯ ಕಥೆ ಹೇಳಿದ.

ಆ ಬಾಟಲಿಯಲ್ಲಿ ಹೆಂಡತಿ ಈಗ ತೆಂಗಿನೆಣ್ಣೆ ಹಾಕಿಡುತ್ತಾಳೆ.

ನಿನ್ನೆ ತಂಗಿಗೆ ವಾಟ್ಸಾಪಿನಲ್ಲಿ ಬರೆಯಲು ಕೂತೆ. ಹೂಕರ್ ಎರಡು, ಒಂದು ಕಾಣೆಗೆ, ಒಂದು ಫ್ರೀಜರಿನ ಅಪಾಯಕ್ಕೆ. ಲ್ಯಾನ್ ಫುಲ್ಲಾನ್ ಒಂದು. ನಾಲ್ಕನೆಯದಕ್ಕೆ ಆಯ್ಸ್ಟರ್ ಸ್ಟೌಟನ್ನು ಮರುವಾಯಿ ಸುಕ್ಕದ ಎದುರು ಕೂರಿಸಿ ನೋಡೋಣ ಅಂತಿದ್ದೆ. ಅಷ್ಟರಲ್ಲಿ ಬಾವನ ಫೋನು. ತಂಗಿ ಬರುವ ಸುದ್ದಿ ಹೆಂಡತಿ ಆಗಲೇ ಮುಟ್ಟಿಸಿದ್ದಳು.

"ಆ ಕಷಾಯ ಒಂದು ನನ್ನ ಹೆಸರಿಗೆ ಬರೆ" ಅಂದ.

ಆಯ್ಸ್ಟರ್ ಅಳಿಸಿದೆ.