ಉಲ್ಲನ್ ಪ್ರಾಸ್ಟೇಟ್: ಜರಿ ದಾರ ಎಲ್ಲಿ ಹಾಕಲಿ?

ವಾರ 1

ಅಪ್ಪಾಜಿಗೆ ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಆಪರೇಷನ್ ಮಾಡಿಸಿಕೊಂಡು ಮಂಡ್ಯಕ್ಕೆ ವಾಪಸ್ ಬಂದ ಮೇಲೆ ಅವರು ಕೇಳಿದ್ದು ಒಂದೇ: "ಕೆರೆದು ತೆಗ್ದಿರೋದು ತಿರ್ಗಾ ಬೆಳೆಯಲ್ವೇನವ್ವಾ?" ನಾನು ಕ್ರೋಷಾ ಕಡ್ಡಿ ಹಿಡಿದದ್ದೇ ಆ ಪ್ರಶ್ನೆಗೆ. ಉಲ್ಲನ್‌ನಲ್ಲಿ ಹೆಣೆಯುತ್ತಿರುವುದು ಗ್ರಂಥಿಯ ಒಂದೇ ಒಂದು ನಾಳ, ಮೊಳದುದ್ದ, ಸೀಳಿಟ್ಟ ಹಾಗೆ. ಹೊರಸುತ್ತು ಹಸಿರು, ಅದು ಬೇಸಲ್ ಕೋಶಗಳ ಸಾಲು. ಒಳಸುತ್ತು ಹಳದಿ, ರಸ ಸ್ರವಿಸುವ ಲ್ಯೂಮಿನಲ್ ಕೋಶಗಳು. ಅಲ್ಲೊಂದು ಇಲ್ಲೊಂದು ಕೆಂಪು ಗಂಟು, ಹಾರ್ಮೋನಿನಂಥ ಸಂಕೇತ ಬಿಡುವ ನ್ಯೂರೋಎಂಡೋಕ್ರೈನ್ ಕೋಶಗಳು. ಕಾಂಡಕೋಶಕ್ಕೆಂದು, ಅಂದರೆ ಒಡೆದು ಬೇರೆ ಕೋಶಗಳನ್ನು ಹುಟ್ಟಿಸಬಲ್ಲ ಮೂಲಕೋಶಕ್ಕೆಂದು, ಹಳೇ ಸೀರೆಯ ಜರಿ ದಾರ ಎತ್ತಿಟ್ಟಿದ್ದೇನೆ.

ವಾರ 3

ಅರ್ಧಕ್ಕರ್ಧ ಬಿಚ್ಚಿದೆ. ಗರ್ಭದಲ್ಲಿ ಸುಮಾರು 10ನೇ ವಾರಕ್ಕೆ ಮೂತ್ರನಾಳದ ಬುಡದಿಂದ ಮೊಗ್ಗು ಹೊರಟು ಕವಲೊಡೆಯುತ್ತದೆ ಎಂದು ಓದಿ, ಬಳ್ಳಿಯ ಕುಡಿಯಲ್ಲಿ ಇರುವಂತೆ ಜರಿಯನ್ನು ತುದಿಗೇ ಹಾಕಿಬಿಟ್ಟಿದ್ದೆ. ಇಲಿಯಲ್ಲಿ ಅದು ಉಲ್ಟಾ. ಬೆಳೆಯುತ್ತಿರುವಾಗ ಡಿಎನ್‌ಎಗೆ ಒಂದು ಗುರುತು ಸೇರಿಸಿ ಬಿಡುತ್ತಾರೆ. ಅರಿಶಿನ ಹತ್ತಿದ ಬಟ್ಟೆ ಒಗೆದಷ್ಟೂ ಮಾಸುವಂತೆ, ಕೋಶ ಒಡೆದಷ್ಟೂ ಗುರುತು ತೆಳುವಾಗುತ್ತದೆ. ಸುಮ್ಮನೆ ಕೂತ ಕೋಶದಲ್ಲಿ ಮಾತ್ರ ಉಳಿಯುತ್ತದೆ. 2002ರಲ್ಲಿ ಹಾಗೆ ಉಳಿದವು ಹೆಚ್ಚಾಗಿ ಸಿಕ್ಕಿದ್ದು ಮೂತ್ರನಾಳಕ್ಕೆ ಅಂಟಿದ ಬುಡದ ಕಡೆ. ಎರಡು ಸಂಜೆಯ ಕೆಲಸ ನೀರುಪಾಲು.

ಇದನ್ನು ನೋಡಿದ ಅಪ್ಪಾಜಿ, "ಮಗೀನ ಟೋಪಿನಾ?" ಅಂದರು.

ವಾರ 4

ಬುಡ ಸರಿ, ಆದರೆ ಹಸಿರಿಗೋ ಹಳದಿಗೋ? ಇಲ್ಲೇ ತಲೆ ಕೆಟ್ಟಿದ್ದು. 2008ರಲ್ಲಿ ಇಲಿಯ ಒಂದೇ ಕೋಶ ಕಸಿ ಮಾಡಿ ಪೂರ್ತಿ ಪ್ರಾಸ್ಟೇಟ್ ಬೆಳೆಸಿದರು. ಅಂಥವು ಹೆಚ್ಚಾಗಿ ಬೇಸಲ್ ಸಾಲಿನವು. ಹಸಿರಿಗೆ ಹಾಕಿದೆ. 2009ರಲ್ಲಿ ಲ್ಯೂಮಿನಲ್ ಸಾಲಿನ ಅಪರೂಪದ ಕೋಶವೂ ಅದೇ ಕೆಲಸ ಮಾಡಿತು. ಹಳದಿಗೂ ಹಾಕಿದೆ. 2012ರಲ್ಲಿ, ಕಸಿ ಮಾಡದೆ, ಇದ್ದ ಜಾಗದಲ್ಲೇ ಕೋಶಗಳಿಗೆ ಗುರುತು ಹಾಕಿ ಕಾದರೆ, ಬೆಳೆದ ಇಲಿಯಲ್ಲಿ ಹಸಿರಿನಿಂದ ಹಸಿರೇ, ಹಳದಿಯಿಂದ ಹಳದಿಯೇ. ನನಗನ್ನಿಸಿದ್ದು: ಕಿತ್ತು ಬೇರೆ ಕಡೆ ನೆಟ್ಟಾಗ ಕೋಶ ಏನು ಮಾಡಬಲ್ಲದು ಎನ್ನುವುದೇ ಬೇರೆ, ಮನೆಯಲ್ಲಿದ್ದಾಗ ಏನು ಮಾಡುತ್ತದೆ ಎನ್ನುವುದೇ ಬೇರೆ.

ವಾರ 5

ಭಾನುವಾರ ತಮ್ಮನ ಗದ್ದೆಗೆ ಹೋಗಿದ್ದೆ. ಕಬ್ಬು ಕಡಿದು ಹದಿನೈದು ದಿನ, ಕೂಳೆ ಚಿಗುರುತ್ತಿತ್ತು. ಬಗ್ಗಿ ಮಣ್ಣು ಕೆರೆದೆ. ಒಂದೇ ಬುಡದಲ್ಲಿ ನಾಲ್ಕು ಕಣ್ಣು, ಮೂರರಲ್ಲಿ ಮುಳ್ಳಿನಷ್ಟು ಮೊಳಕೆ. ಯಾವ ಕಣ್ಣು ಚಿಗುರುತ್ತೆ ಅಂತ ಹೇಗೆ ಗೊತ್ತಾಗುತ್ತೆ ಎಂದರೆ, "ಯಾವ್ದು ಅಂತ ಏನಿಲ್ಲ ಕಣಕ್ಕಾ, ಜೀವ ಉಳ್ಕಂಡಿರೋವೆಲ್ಲಾ ಚಿಗುರ್ತವೆ" ಅಂದ.

ಇಲಿಯದೂ ಕೂಳೆ ಬೆಳೆಯೇ. ವೃಷಣ ತೆಗೆದರೆ ಗ್ರಂಥಿ ಮುದುಡುತ್ತದೆ, ಹಾರ್ಮೋನು ಕೊಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ; 15ಕ್ಕೂ ಹೆಚ್ಚು ಸಲ ಮಾಡಿಸಿ ನೋಡಿದ್ದಾರೆ. (ತಮ್ಮ ಎರಡು ಕೂಳೆಗೇ ಬುಡ ಕೀಳಿಸುತ್ತಾನೆ.) ಈ ಮರುಬೆಳೆಯನ್ನು 2020ರಲ್ಲಿ ಒಂದೊಂದೇ ಕೋಶ ಹಿಡಿದು ಲೆಕ್ಕ ಹಾಕಿದಾಗ, ಅಪರೂಪದ ಕಾಂಡಕೋಶವೊಂದೇ ಅಲ್ಲ, ಸಾಯದೆ ಉಳಿದ ಲ್ಯೂಮಿನಲ್ ಕೋಶಗಳು ಹೆಚ್ಚುಕಡಿಮೆ ಎಲ್ಲವೂ ಕೈಹಾಕಿದ್ದವು.

ಜರಿ ಉಂಡೆಯನ್ನು ಎಳೆ ಎಳೆ ಬಿಡಿಸಿ ಹಳದಿ ಸಾಲಿನುದ್ದಕ್ಕೂ ಸೇರಿಸುತ್ತಿದ್ದೇನೆ. ಬುಡದಲ್ಲಿ ಸ್ವಲ್ಪ ದಟ್ಟ.

ವಾರ 6

ಮನುಷ್ಯನ ನಾಳಕ್ಕೆ ಬೇರೆ ತುಂಡು. ಜನರಿಗೆ ಗುರುತು ಹಾಕುವಂತಿಲ್ಲ. ವಯಸ್ಸಾದಂತೆ ಮೈಟೊಕಾಂಡ್ರಿಯಾದ (ಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಡಿಎನ್‌ಎಯಲ್ಲಿ ತಾನಾಗಿ ಆಗುವ ತಪ್ಪೇ ಗುರುತು. ಬಣ್ಣ ಕಟ್ಟಿದರೆ, ಆ ತಪ್ಪು ಹೊತ್ತ ಕೋಶದ ಸಂತತಿ ಕಂದು ಅಂಗಾಂಶದ ನಡುವೆ ನೀಲಿ ತೇಪೆಯಾಗಿ ಕಾಣುತ್ತದೆ. 2011ರಲ್ಲಿ ಒಂದೇ ತೇಪೆಯೊಳಗೆ ಬೇಸಲ್, ಲ್ಯೂಮಿನಲ್ ಎರಡೂ ಸಿಕ್ಕವು, ಅಂದರೆ ಇಬ್ಬರಿಗೂ ಒಬ್ಬಳೇ ಅಜ್ಜಿ.

ಅಪ್ಪಾಜಿಗೆ ನಿಜ ಹೇಳಿದೆ: ಒಳಗಿನ ಊತ ಮಾತ್ರ ತೆಗೆದಿದ್ದಾರೆ, ಉಳಿದದ್ದು ನಿಧಾನಕ್ಕೆ ಬೆಳೆಯಬಹುದು. "ಕೂಳೆ" ಅಂದರು, ಪೇಪರ್ ತಿರುವಿದರು. ನೀಲಿ ಉಲ್ಲನ್ ಮುಗಿದಿದೆ.