ಮೀಡಿಯನ್ನೋ ಮೀಡಿಯಲ್ಲೋ?

"ಮಹಾಪಧಮನಿ ವಪೆಯನ್ನು ಎಲ್ಲಿ ದಾಟುತ್ತದೆ?"

ವೈದ್ಯಕೀಯ ಕಾಲೇಜಿನ ಮೊದಲ ವರ್ಷದ ಅನಾಟಮಿ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಮೇಡಂ ಕೇಳಿದ ಪ್ರಶ್ನೆಯಿದು. ಮಹಾಪಧಮನಿಯೆಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ವಪೆಯೆಂದರೆ ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು. ಆಗ ನಮ್ಮ ಊರು ಇನ್ನೂ ಬಿಜಾಪುರ. ನಾನು ಹುಮ್ಮಸ್ಸಿನಿಂದ, "ಎದೆಭಾಗದ 12ನೆಯ ಬೆನ್ನುಮಣಿಯ ಮಟ್ಟದಲ್ಲಿ, ವಪೆಯನ್ನು ತೂರಿಕೊಂಡು" ಎಂದೆ.

"ಎಂಟಕ್ಕೆ ಅಭಿಧಮನಿ, ಹತ್ತಕ್ಕೆ ಅನ್ನನಾಳ, ಹನ್ನೆರಡಕ್ಕೆ ಮಹಾಪಧಮನಿ. ಗಿಳಿಪಾಠ ಸರಿಯಾಗಿದೆ. ಆದರೆ ತಮ್ಮಾ, ಅದು ಸ್ನಾಯುವನ್ನು ತೂರಿಕೊಂಡು ಹೋದರೆ ನೀನು ಉಸಿರೆಳೆದಾಗಲೆಲ್ಲ ಅದರ ಕತ್ತು ಹಿಸುಕಿದಂತಾಗುವುದಿಲ್ಲವೇ?"

ನನ್ನ ಬಳಿ ಉತ್ತರವಿರಲಿಲ್ಲ. "ಭಾನುವಾರ ಬಾರಾ ಕಮಾನ್ ನೋಡಿಕೊಂಡು ಬಾ" ಎಂದು ಕಳಿಸಿಬಿಟ್ಟರು.

ವಪೆಯೆಂದರೆ ಗೋಳಗುಮ್ಮಟ ಎಂದು ಹೇಳುವುದು ನಮ್ಮ ಬ್ಯಾಚಿನವರಿಗೆಲ್ಲ ಚಟವಾಗಿತ್ತು. ಮೇಡಂಗೆ ಆ ಹೋಲಿಕೆ ಹಿಡಿಸುತ್ತಿರಲಿಲ್ಲ. ಆ ಗುಮ್ಮಟ 300ಕ್ಕೂ ಹೆಚ್ಚು ವರ್ಷಗಳಿಂದ ಕದಲಿಲ್ಲ, ನಿಮ್ಮದು ನಿಮಿಷಕ್ಕೆ ಹದಿನೈದು ಸಲ ಇಳಿದು ಏರುತ್ತದೆ ಎನ್ನುತ್ತಿದ್ದರು. ಬಾರಾ ಕಮಾನ್ ಎರಡನೆಯ ಅಲಿ ಆದಿಲ್ ಶಾಹನ ಸಮಾಧಿ. 1672ರಲ್ಲಿ ಆತ ತೀರಿಕೊಂಡ ಮೇಲೆ ಕೆಲಸ ನಿಂತುಹೋಗಿ, ಗುಮ್ಮಟವೇ ಇಲ್ಲದೆ ಕಪ್ಪು ಕಲ್ಲಿನ ಕಮಾನುಗಳಷ್ಟೇ ಉಳಿದವು. ಅವುಗಳ ಕೆಳಗೆ ಆ ಭಾನುವಾರ ಆಡುಗಳು ಮಲಗಿದ್ದವು. ಕಮಾನನ್ನು ಕಟ್ಟಿದ್ದೇ ಕೆಳಗೆ ಜಾಗ ಬಿಡುವುದಕ್ಕೆಂದು ನನಗೆ ಹೊಳೆದದ್ದು ಆ ಆಡುಗಳನ್ನು ನೋಡಿ.

ಸೋಮವಾರ ಡಿಸೆಕ್ಷನ್ ಹಾಲಿನಲ್ಲಿ, ಜಠರ, ಯಕೃತ್ತುಗಳನ್ನು ತೆಗೆದಿದ್ದ ಶವದಲ್ಲಿ, ಮೇಡಂ ಚಿಮುಟದ ತುದಿಯಿಂದ ತೋರಿಸಿದರು. ವಪೆ ಹಿಂಭಾಗದಲ್ಲಿ ಎರಡು ಕಾಲು ಚಾಚಿ ಸೊಂಟದ ಮಣಿಗಳನ್ನು ಹಿಡಿದುಕೊಂಡಿರುತ್ತದೆ. ಬಲಗಾಲು ಉದ್ದ, ಮೂರನೆಯ ಮಣಿಯವರೆಗೆ, ಎಡಗಾಲು ಎರಡನೆಯದರವರೆಗೆ. ಈ ಎರಡನ್ನೂ ಮಹಾಪಧಮನಿಯ ಮುಂದೆ ಜೋಡಿಸುವ ಬಿಳಿಯ ನಾರಿನ ಕಮಾನೇ ಮೀಡಿಯನ್ ಆರ್ಕ್ಯುಯೇಟ್ ಲಿಗಮೆಂಟ್. ಮಹಾಪಧಮನಿ ಅದರ ಹಿಂದಿನಿಂದ, ಬೆನ್ನುಮೂಳೆಗೆ ಒರಗಿಕೊಂಡು ಇಳಿಯುತ್ತದೆ. ಹೀಗಾಗಿ ಸ್ನಾಯು ಎಷ್ಟು ಬಿಗಿದರೂ ಅದಕ್ಕೆ ಚಿಂತೆಯಿಲ್ಲ. ಅದರ ಇಕ್ಕೆಲಗಳಲ್ಲಿ ಸೋಯಸ್ ಸ್ನಾಯುವಿನ ಮೇಲೆ ಒಂದೊಂದು ಮೀಡಿಯಲ್ ಕಮಾನು, ಅದರಾಚೆ ಕ್ವಾಡ್ರೇಟಸ್ ಸ್ನಾಯುವಿನ ಮೇಲಿಂದ 12ನೆಯ ಪಕ್ಕೆಲುಬಿಗೆ ಹಾಯುವ ಒಂದೊಂದು ಲ್ಯಾಟರಲ್ ಕಮಾನು. ಒಟ್ಟು ಐದು. ಮೀಡಿಯನ್, ಮೀಡಿಯಲ್ ಎಂಬ ಒಂದಕ್ಷರದ ವ್ಯತ್ಯಾಸ ಎಷ್ಟು ಜನರ ಅಂಕಗಳನ್ನು ನುಂಗಿತೋ! ಹೆಸರಿಟ್ಟವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಆಮೇಲೆ ಇಪ್ಪತ್ತು ವರ್ಷ ಈ ಕಮಾನು ನನ್ನ ತಂಟೆಗೆ ಬರಲಿಲ್ಲ. ಬಾಗಲಕೋಟೆಯಲ್ಲಿ ಸ್ಕ್ಯಾನಿಂಗ್ ಕೇಂದ್ರ ಇಟ್ಟುಕೊಂಡಿದ್ದೇನೆ. ಒಂದು ದಿನ ಹಳ್ಳಿಯ ಹೆಣ್ಣುಮಗಳೊಬ್ಬಳು ಬಂದಳು. ಅರ್ಧ ರೊಟ್ಟಿ ತಿಂದರೆ ಸಾಕು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು. ತಿನ್ನುವುದಕ್ಕೇ ಹೆದರಿ ಬಡಕಲಾಗಿದ್ದಳು. ಎಂಡೋಸ್ಕೋಪಿಯಲ್ಲಿ ಏನೂ ಸಿಕ್ಕಿರಲಿಲ್ಲ. ಎಲ್ಲೋ ಒಂದು ಕಡೆ ಮನಸ್ಸಿನ ಕಾಯಿಲೆಯೆಂದೂ ಹೇಳಿ ಕಳಿಸಿದ್ದರಂತೆ. ಸಿ.ಟಿ.ಯನ್ನು ಪಕ್ಕದಿಂದ ನೋಡಿದರೆ, ಜಠರ, ಯಕೃತ್ತುಗಳಿಗೆ ರಕ್ತ ಒಯ್ಯುವ ಸೀಲಿಯಾಕ್ ಅಪಧಮನಿ ಮಹಾಪಧಮನಿಯಿಂದ ಹೊರಟ ಕೂಡಲೇ ಕೊಕ್ಕೆಯಂತೆ ಕೆಳಗೆ ಬಾಗಿತ್ತು. ಕಮಾನು ತಗ್ಗಿನಲ್ಲಿದ್ದು ಅದನ್ನು ಮೇಲಿನಿಂದ ಒತ್ತುತ್ತಿತ್ತು.

ಅಷ್ಟಕ್ಕೇ ರೋಗವೆಂದು ಬರೆಯುವಂತಿರಲಿಲ್ಲ. ನೂರರಲ್ಲಿ 10ರಿಂದ 24 ಜನರಲ್ಲಿ ಕಮಾನು ಹೀಗೆ ತಗ್ಗಿರುತ್ತದೆ, ಬಹುತೇಕರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ರಕ್ತದ ಹರಿವನ್ನು ಅಳೆಯುವ ಡಾಪ್ಲರ್ ಹಚ್ಚಿ, "ಉಸಿರು ಬಿಡು, ತಂಗೀ, ಹಾಗೇ ಹಿಡಿ" ಎಂದೆ. ಕಮಾನು ಇನ್ನಷ್ಟು ಒತ್ತಿ, ಇಕ್ಕಟ್ಟಾದ ನಾಳದಲ್ಲಿ ರಕ್ತದ ವೇಗ ಏರಿತು. ಎಳೆದುಕೊಳ್ಳಲು ಹೇಳಿದಾಗ ಇಳಿಯಿತು. ಬೇರೆ ಕಾರಣಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿದ ಮೇಲೆ ಶಸ್ತ್ರಚಿಕಿತ್ಸಕರು ಆ ನಾರುಗಳನ್ನು ಕತ್ತರಿಸಿ ಬಿಡಿಸಿದರು. ಇದು ಎಲ್ಲರಿಗೂ ಫಲ ಕೊಡುವುದಿಲ್ಲ. ಆಕೆಗೆ ಕೊಟ್ಟಿತು. ಮೂರು ತಿಂಗಳ ಮೇಲೆ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಂದು ನನ್ನ ಮೇಜಿನ ಮೇಲಿಟ್ಟು, "ಈಗ ಎರಡು ತಿನ್ನುತ್ತೇನೆ, ಸಾಹೇಬರೇ" ಎಂದಳು.

ಅಂದು ರಾತ್ರಿ ನಿವೃತ್ತರಾಗಿರುವ ಮೇಡಂಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಆರ್ಕ್ಯುಯೇಟ್ ಲಿಗಮೆಂಟ್ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಮೀಡಿಯನ್ನೋ ಮೀಡಿಯಲ್ಲೋ?" ಎಂದು ಕೇಳಿದರು.